ಉಪ್ಪು ಮರೆತ ಮಾವಿನಕಾಯಿ ಚಿತ್ರಾನ್ನ

"ಆ ಚಿಗರು ನನಗ ಕೊಡ್ರಿ! ಕೈ ಮುಗಿತೀನಿ... ನನಗ ಕೊಡ್ರಿ!"

ಸಿಂಧನೂರಿನ ರೈತ ಸಂತೆಯಲ್ಲಿ ಭಾನುವಾರ ಬೆಳಗಿನ ಗದ್ದಲ ಒಂದು ಕ್ಷಣ ನಿಂತೇ ಹೋಯಿತು. ಮೆಂತ್ಯೆ ಸೂಡು ಕಟ್ಟುತ್ತಿದ್ದವರು ತಲೆ ಎತ್ತಿದರು. ಬದನೆಕಾಯಿ ಆರಿಸುತ್ತಿದ್ದವರು ತಿರುಗಿ ನೋಡಿದರು.

ಕೂಗಿದವಳು ಸಂಘಮಿತ್ರಾ. ಮಸ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರ್. ತರಗತಿಯಲ್ಲೂ ದನಿ ಏರಿಸದ ಹುಡುಗಿ ಈಗ ನೆಲದ ಮೇಲೆ ಕೂತು, ಗೋಣಿತಾಟಿನಲ್ಲಿ ಉಳಿದಿದ್ದ ಹುಣಸೆ ಚಿಗುರಿನ ಕೊನೆಯ ಗುಂಪಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಿದ್ದಳು.

ಎದುರಿಗೆ ಕೂತಿದ್ದ ಯುವಕನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹೆಸರು ಹುಲಿಗೇಶ. ಸಾಲಗುಂದದವನು. ತನ್ನ ಹೊಲದಲ್ಲಿ ಬೆಳೆದ ಕಾಯಿಪಲ್ಯವನ್ನು ತಾನೇ ತಂದು ಮಾರುವವನು.

"ಆಗಂಗಿಲ್ರಿ ಮೇಡಂ. ಖಾನಾವಳಿಯವರು ಮುಂಜಾನೆನ ಹೇಳಿ ಹೋಗ್ಯಾರ. ಅವರಿಗೆ ಮಾತು ಕೊಟ್ಟೀನಿ."

"ಖಾನಾವಳಿಗೆ ಒಂದಿನ ಚಿಗರಿಲ್ಲಂದ್ರ ಏನಾಗತೈತ್ರಿ? ನಮ್ಮವ್ವ ಊಟಾನ ಬಿಟ್ಟಾಳ! ಕ್ಯಾನ್ಸರ್ ಇಂಜೆಕ್ಷನ್ ಕೊಟ್ಟು ಕೊಟ್ಟು ನಾಲಿಗಿ ಸತ್ತು ಹೋಗೇತಿ ಆಕೀದು. ನಿನ್ನೆ ಸಂಜಿಗೆ ತಾನಾಗೇ ಕೇಳ್ಯಾಳ, ಹುಣಸಿ ಚಿಗರ ಬ್ಯಾಳಿ ಮಾಡ್ತಿಯೇನ ಅಂತ... ಹಿಂಗ ಬಿಟ್ರ ಆಕಿ ಉಳಿಯಂಗಿಲ್ರೀ!"

ಹೇಳುತ್ತಿದ್ದಂತೆ ಅಳು ಬಂದೇ ಬಿಟ್ಟಿತು. ಸಂತೆಯ ಜನರೆಲ್ಲ ನೋಡುತ್ತಿದ್ದಾರೆಂಬ ನಾಚಿಕೆಯೂ ಅವಳಿಗೆ ಉಳಿದಿರಲಿಲ್ಲ.

ಹುಲಿಗೇಶ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಪಕ್ಕದಲ್ಲಿ ಲಿಂಬೆಹಣ್ಣು ಹರವಿಕೊಂಡು ಕೂತಿದ್ದ ರಹೀಮಾಬೀ ಕಡೆ ತಿರುಗಿದ.

"ಚಾಚಿ, ಅಂಗಡಿ ಕಡೆ ಜರಾ ಲಕ್ಷ್ಯ ಇಡ್ರಿ. ಈ ಗುಂಪಿ ಖಾನಾವಳಿಯವರಿಗೆ ಕೊಟ್ಟುಬಿಡ್ರಿ."

ಸಂಘಮಿತ್ರಾ ಗುಂಪಿಯ ಮೇಲಿಂದ ಕೈ ತೆಗೆದಳು. ಕೊಡುವುದಿಲ್ಲ ಅಂದುಬಿಟ್ಟನಲ್ಲ!

ಅವನು ಬೈಕ್ ಸ್ಟಾರ್ಟ್ ಮಾಡಿ ಹೇಳಿದ, "ಅಳಬ್ಯಾಡ್ರಿ. ಗಿಡದಾಗ ಇನ್ನೂ ಐತಿ. ಹತ್ರಿ."

* * *

ಸಾಲಗುಂದದ ಕಾಲುವೆ ದಂಡೆಯ ಹುಣಸೆ ಮರಕ್ಕೆ ಅವನು ಚಪ್ಪಲಿ ಬಿಟ್ಟು ಸರಸರನೆ ಹತ್ತಿದ. ಕೆಳಗೆ ಅವಳು ತನ್ನ ವೇಲ್ ಹರವಿ ಹಿಡಿದಳು. ತಿಳಿಹಸಿರು, ಕೆಲವು ಕಡೆ ನಸುಗೆಂಪು ಚಿಗುರು ಮೇಲಿಂದ ಉದುರತೊಡಗಿತು.

"ಸಾಕ್ರಿ... ಸಾಕ್ರಿ!"

"ನಾಳಿಗೂ ಬೇಕಾಗತೈತಿ, ಹಿಡೀರಿ!"

ಎಷ್ಟೋ ದಿನಗಳ ನಂತರ ಅವಳು ನಕ್ಕಳು. ನಕ್ಕದ್ದಕ್ಕೆ ತನಗೇ ಪಾಪ ಮಾಡಿದಂತೆನಿಸಿತು.

ಪಕ್ಕದಲ್ಲೇ ಒಂದು ಮಾವಿನ ಗಿಡ. ಎಳೆಗಾಯಿಗಳು ಗೊಂಚಲು ಗೊಂಚಲಾಗಿ ಜೋತಾಡುತ್ತಿದ್ದವು. ಬುಡದಲ್ಲಿ ಸಣ್ಣದೊಂದು ಸಮಾಧಿ, ಮೇಲೆ ಹೊಸದಾಗಿ ಬಳಿದ ವಿಭೂತಿ.

"ನಮ್ಮಪ್ಪಂದ್ರಿ," ಮರದಿಂದ ಇಳಿದು ಕೈ ಒರೆಸಿಕೊಳ್ಳುತ್ತ ಅವನೆಂದ. "ಹ್ವಾದ ದೀಪಾವಳಿ ಮುಂದ ಹೋದ. ಈ ಗಿಡಾ ಅಂವನ ಹಚ್ಚಿದ್ದು."

"ಕಾಯಿ ಜೋರ ಹಿಡದಾವ. ದೊಡ್ಡೂವಾದ ಕೂಡ್ಲೆ ಸಂತಿಗೆ ತರ್ತೀರೇನು?"

"ಇಲ್ರಿ. ಅವಕ್ಕಿನ್ನೂ ಟೈಮ್ ಐತಿ," ಅಂದು ಗಿಡದ ಕಡೆ ನೋಡಿದ. ಅವಳು ಮುಂದೆ ಕೇಳಲಿಲ್ಲ. ಕೇಳಿದ್ದರೆ ಈ ಕಥೆಗೆ ಇಷ್ಟು ಕಣ್ಣೀರು ಬೇಕಾಗುತ್ತಿರಲಿಲ್ಲ.

* * *

ಮನೆಗೆ ಬಂದವಳು ಚಿಗುರನ್ನು ಅಂಗೈಯಲ್ಲಿ ತಿಕ್ಕಿ ಕಡ್ಡಿ ಬಿಡಿಸಿದಳು. ತೊಗರಿಬೇಳೆ ಮೆತ್ತಗೆ ಕುದಿಸಿ, ಚಿಗುರು ಹಾಕಿ, ಶೇಂಗಾ ಎಣ್ಣೆಯಲ್ಲಿ ಬೆಳ್ಳುಳ್ಳಿ ಒಣಮೆಣಸಿನಕಾಯಿ ಕೆಂಪಗೆ ಹುರಿದು ಒಗ್ಗರಣೆ ಕೊಟ್ಟಳು. ರೊಟ್ಟಿ ಮುರಿದು ಅದರಲ್ಲಿ ನೆನೆಸಿ ತಾಯಿ ಪೀರಮ್ಮನ ಬಾಯಿಗಿಟ್ಟಳು.

'ಉಗುಳಬ್ಯಾಡ ಅವ್ವಾ... ಇದೊಂದನ್ನ ಉಗುಳಬ್ಯಾಡ...'

ಪೀರಮ್ಮ ಮೆಲ್ಲಗೆ ಅಗಿದಳು. ಕಣ್ಣು ಅಗಲವಾದವು.

"ಹುಳಿ... ಹುಳಿ ಗೊತ್ತಾಗಾಕತ್ತೈತಿ ಮಿತ್ರಾ!"

ಬಾಗಿಲಲ್ಲಿ ನಿಂತಿದ್ದ ತಂದೆ ಪಂಪಣ್ಣ ಮುಖ ಆ ಕಡೆ ತಿರುಗಿಸಿಕೊಂಡ. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತನಾದ ಗಟ್ಟಿ ಮನುಷ್ಯ. ಹೆಂಡತಿ ಒಂದು ರೊಟ್ಟಿ ಮುಗಿಸುವ ತನಕ ಅಲ್ಲಿಂದ ಕದಲಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಸಂತೆ. ಅವಳು ಬರುವಷ್ಟರಲ್ಲಿ ಹುಲಿಗೇಶ ಒದ್ದೆ ಬಟ್ಟೆಯಲ್ಲಿ ಒಂದು ಗಂಟು ಕಟ್ಟಿಟ್ಟಿರುತ್ತಿದ್ದ. ಒಮ್ಮೆ ಎಳೆ ಪುಂಡಿಪಲ್ಯ, ಒಮ್ಮೆ ನುಗ್ಗೆಕಾಯಿ, ಯಾವಾಗಲೂ ತಪ್ಪದ ಹುಣಸೆ ಚಿಗುರು.

ಮಾತು ಫೋನಿಗೂ ಇಳಿಯಿತು. ಪುಂಡಿಪಲ್ಯಕ್ಕೆ ಬೇಳೆ ಎಷ್ಟು ಹಾಕಬೇಕು, ನುಗ್ಗೆಕಾಯಿ ಮೊದಲೇ ಬೇಯಿಸಬೇಕಾ ಅಂತ ಅವಳು ಕೇಳುತ್ತಿದ್ದಳು. ಒಂದು ಪಲ್ಯಕ್ಕೆ ಯಾರಿಗಾದರೂ ಅಷ್ಟು ಅನುಮಾನ ಇರುತ್ತದೆಯೇ? ಅವಳೇನು ಅಡುಗೆ ಬಾರದವಳೇ! ಪ್ರೀತಿ ಅಂತ ಒಪ್ಪಿಕೊಳ್ಳಲು ಧೈರ್ಯವಿರಲಿಲ್ಲ ಅಷ್ಟೆ.

ಒಂದು ಭಾನುವಾರ ಚಿಗುರು ಬೇಳೆ, ರೊಟ್ಟಿ ಡಬ್ಬಿಗೆ ತುಂಬಿ ಅವನಿಗೆ ಒಯ್ದುಕೊಟ್ಟಳು.

"ಇಲ್ಲೇ ಉಣ್ರಿ. ಹ್ಯಾಂಗಾಗೇತಿ ಹೇಳ್ರಿ."

ಗಿರಾಕಿ ಗಲಾಟೆಯ ನಡುವೆ ಅವನು ಡಬ್ಬಿಯನ್ನು ಜೋಪಾನವಾಗಿ ಚೀಲದಲ್ಲಿಟ್ಟುಕೊಂಡ. "ಮನಿಗೆ ಒಯ್ದು ಸಮಾಧಾನದಿಂದ ಉಣ್ತೀನ್ರಿ."

ಮುಂದಿನ ವಾರ ಡಬ್ಬಿ ತೊಳೆದು, ಬರಿದಾಗಿ ಕೊಡಬಾರದೆಂದು ಹಸಿ ಮೆಣಸಿನಕಾಯಿ ತುಂಬಿ ಕೊಟ್ಟ. ಆ ಮೆಣಸಿನಕಾಯಿ ನೋಡಿ ನೋಡಿ ಅವಳು ವಾರವಿಡೀ ಒಳಗೊಳಗೇ ನಗುತ್ತಿದ್ದಳು. ಶಾಲೆಯಲ್ಲಿ ಜೊತೆಗಾರ್ತಿ ಭಾರತಿಯ ಮುಂದೆ ಹೇಳದೆ ಇರಲಾಗಲಿಲ್ಲ.

ಭಾರತಿ ನಗಲಿಲ್ಲ. "ಮಿತ್ರಾ, ಬ್ಯಾಸರ ಮಾಡ್ಕೋಬ್ಯಾಡ. ಅಂವ ನಿನ್ನ ಕಣ್ಮುಂದ ಉಂಡಾನೇನು?"

"ಮನ್ಯಾಗ ಉಂಡಿರ್ತಾನ."

"ಇಲ್ಲ, ದನಕ್ಕ ಹಾಕಿರ್ತಾನ. ಮ್ಯಾಲಿನ ಓಣಿಯವರು ಅವರು. ನಿಮ್ಮದು ಯಾವ ಓಣಿ ಅಂತ ಅವಂಗ ಗೊತ್ತೈತಲ್ಲ? ನನ್ನ ಅಕ್ಕಗೂ ಹಿಂಗ ಆಗಿತ್ತು. ಮಾತೆಲ್ಲಾ ಸಕ್ಕರಿ... ತಾಟು ಮುಂದ ಇಟ್ಟಾಗ ಗೊತ್ತಾತು."

'ಇಲ್ಲ. ಹುಲಿಗೇಶ ಹಂಗಲ್ಲ!' ಬಸ್ಸಿನಲ್ಲಿ ಸಿಂಧನೂರು ಮುಟ್ಟುವ ತನಕ ಅವಳು ಇದನ್ನೇ ಹೇಳಿಕೊಂಡಳು. ಆದರೆ ಭಾರತಿಯ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

* * *

ಯುಗಾದಿ ಬಂತು.

ಪಂಪಣ್ಣ ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಆ ಮನೆಯಲ್ಲಿ ಎಡೆ, ಪೂಜೆ, ಹಿರಿಯರ ಹಬ್ಬ ಎಲ್ಲವೂ ನಿಂತಿದ್ದವು. ಮಗಳು ಹುಟ್ಟಿದ್ದೇ ಆಮೇಲೆ. ಪೀರಮ್ಮ ಮಾತ್ರ ತವರಿನ ನೆನಪಿಗೆ ಯುಗಾದಿಯ ಬೇವು ಕಲಸುವುದನ್ನು ಬಿಟ್ಟಿರಲಿಲ್ಲ. ಈ ಸಲ ಅದನ್ನೂ ಸಂಘಮಿತ್ರಾಳೇ ಮಾಡಬೇಕಿತ್ತು.

"ಯುಗಾದಿಗೆ ಮನಿಗೆ ಬಾ," ಅಂತ ಅವನನ್ನು ಕರೆದಿದ್ದಳು. ಆ ಹೊತ್ತಿಗೆ 'ರೀ' ಹೋಗಿ 'ನೀ' ಬಂದಿತ್ತು.

"ಬರ್ತೀನಿ. ನಿಮ್ಮಪ್ಪನ ಹತ್ರ ಒಂದು ಮಾತು ಕೇಳೂದೈತಿ," ಅಂದಿದ್ದ ಅವನು. ಏನು ಮಾತು ಎಂದು ಅವಳು ಕೇಳಲಿಲ್ಲ. ಕೆನ್ನೆ ಬಿಸಿಯಾಗಿದ್ದವು.

ಅವ್ವನ ನಾಲಿಗೆಗೆ ಹುಳಿ ಒಂದೇ ಹತ್ತುತ್ತಿತ್ತಲ್ಲ? ಸಂತೆಯಿಂದ ವರ್ಷದ ಮೊದಲ ಮಾವಿನಕಾಯಿ ಆರಿಸಿ ತಂದಳು. ಮಾವಿನಕಾಯಿ ತುರಿದು ಚಿತ್ರಾನ್ನ ಕಲಸಿದಳು, ಬೇಳೆಗೂ ಮಾವಿನಕಾಯಿ ಹಾಕಿದಳು, ಬೇವಿಗೂ ಅದರದೇ ಚೂರು. ಪೀರಮ್ಮ ಎರಡು ತುತ್ತು ಉಂಡು, ಗುಳಿಗೆ ನುಂಗಿ, ಒಳಕೋಣೆಯಲ್ಲಿ ನಿದ್ದೆ ಹೋದಳು. ಬಾಗಿಲು ತೆರೆದೇ ಇತ್ತು.

ಹುಲಿಗೇಶ ಹೊಸ ಅಂಗಿ ಹಾಕಿಕೊಂಡು ಬಂದ. ನೀರು ಕೊಟ್ಟರೆ ಗಟಗಟ ಕುಡಿದ. ಪಂಪಣ್ಣನ ಪಕ್ಕದಲ್ಲೇ ಚಾಪೆ ಮೇಲೆ ಕೂತ. ಸಂಘಮಿತ್ರಾ ತಾಟು ತಂದಿಟ್ಟಳು.

ಅವನ ಕೈ ಚಿತ್ರಾನ್ನದ ತನಕ ಹೋಗಿ ನಿಂತಿತು.

ತಾಟು ನೋಡಿದ. ಬೇವಿನ ಬಟ್ಟಲು ನೋಡಿದ. ತೆರೆದ ಬಾಗಿಲಾಚೆ ಮಲಗಿದ್ದ ಪೀರಮ್ಮನ ಕಡೆ ಒಮ್ಮೆ ನೋಡಿದ. ಮುಖ ಸಪ್ಪಗಾಯಿತು. ತಾಟನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

"ಈಗ... ಉಣ್ಣಂಗಿಲ್ರಿ. ಆಮ್ಯಾಲೆ ಹೇಳ್ತೀನಿ," ಅಂದ, ಪಿಸುದನಿಯಲ್ಲಿ.

ಪಂಪಣ್ಣ ಎದ್ದು ನಿಂತ.

"ಆಮ್ಯಾಲೆ ಏನ ಹೇಳ್ತೀ? ನನಗ ಗೊತ್ತಿಲ್ಲೇನು? ಸಣ್ಣಾಂವ ಇದ್ದಾಗ ಚಾದಂಗಡ್ಯಾಗ ನನಗ ಬ್ಯಾರೆ ಗ್ಲಾಸು ಇಡ್ತಿದ್ರು. ಅದನ್ನ ನಾನ ತೊಳದು ಕಿಡಕ್ಯಾಗ ಇಟ್ಟು ಬರಬೇಕಿತ್ತು. ಈಗ ನನ್ನ ಮನ್ಯಾಗ, ನನ್ನ ಮಗಳು ಮಾಡಿದ ಅಡಗಿ ಹಿಂದ ಸರಸ್ತಿ?"

"ಹಂಗಲ್ರಿ ಕಾಕಾ..." ಹುಲಿಗೇಶ ಮತ್ತೆ ಒಳಕೋಣೆ ಕಡೆ ನೋಡಿದ.

ಸಂಘಮಿತ್ರಾಳ ಕಿವಿಯಲ್ಲಿ ಭಾರತಿಯ ಮಾತು ಗುಂಯ್ ಅನ್ನತೊಡಗಿತು. ಡಬ್ಬಿ... ಮನೆಗೆ ಒಯ್ದ ಡಬ್ಬಿ... ತೊಳೆದು ಕೊಟ್ಟ ಡಬ್ಬಿ!

"ಹೋಗು," ಅಂದಳು. ದನಿ ತನ್ನದೇ ಅನಿಸಲಿಲ್ಲ. "ನಮ್ಮ ಮನಿ ನೀರು ಬ್ಯಾರೆ ಕುಡದೀ. ಮನಿಗೆ ಹೋಗಿ ಜಳಕಾ ಮಾಡು!"

ಹೊಡೆತ ತಿಂದವನ ಹಾಗೆ ಅವನು ಅವಳನ್ನೇ ನೋಡಿದ.

"ನೀನೂ ಹಂಗ ಅಂದಿ, ಮಿತ್ರಾ?"

ಅಷ್ಟೇ. ಚಪ್ಪಲಿ ಮೆಟ್ಟಿ ಹೊರಟುಹೋದ. ಅವಳು ಹೊಸ್ತಿಲಲ್ಲಿ ನಿಂತು, ಬೈಕಿನ ಸದ್ದು ಓಣಿ ತಿರುವಿನಲ್ಲಿ ಕರಗುವ ತನಕ ಕೇಳಿದಳು. ಆಮೇಲೆ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಸಂಜೆ ಅವನ ಫೋನ್ ಬಂತು. ಎತ್ತಲಿಲ್ಲ. ಮತ್ತೆ ಮತ್ತೆ ಬಂತು. ನಂಬರನ್ನೇ ಬ್ಲಾಕ್ ಮಾಡಿದಳು.

* * *

ಮುಂದಿನ ಭಾನುವಾರ ಸಂತೆಯಲ್ಲಿ ಅವನ ಜಾಗ ಖಾಲಿ. ಅದರ ಮುಂದಿನ ಭಾನುವಾರವೂ ಖಾಲಿ.

'ಬರದಿದ್ರ ಒಳ್ಳೇದೇ ಆತು,' ಅಂದುಕೊಂಡಳು. ಅಂದುಕೊಳ್ಳುತ್ತಲೇ ಸಂತೆಯ ತುದಿಯವರೆಗೂ ಕಣ್ಣು ಹಾಯಿಸಿ ಹುಡುಕಿದಳು. ಎಂಥ ಹುಚ್ಚು ಮನಸ್ಸು!

ಬೇರೆಯವರ ಹತ್ತಿರ ಚಿಗುರು ಕೊಂಡು ಬೇಳೆ ಮಾಡಿದಳು. ಪೀರಮ್ಮ ಒಂದು ತುತ್ತಿಗೇ ಮುಖ ಕಿವುಚಿದಳು.

"ಬಲತ ಚಿಗರು ಇದು. ಆ ಹುಡುಗಂದಲ್ಲ. ಅಂವ ಯಾಕ ಬರವಲ್ಲ?"

"ಕೆಲಸ ಇರ್ತಾವವ್ವಾ ಅವಂಗ."

ದಿನದಿನಕ್ಕೆ ಪೀರಮ್ಮನ ತಾಟು ಹಾಗೆ ಹಾಗೇ ವಾಪಸ್ಸು ಬರತೊಡಗಿತು. ತೂಕ ಹೀಗೇ ಇಳಿದರೆ ಮುಂದಿನ ಇಂಜೆಕ್ಷನ್ ಕೊಡಲಾಗದು ಎಂದು ಡಾಕ್ಟರು ಹೇಳಿ ಕಳಿಸಿದರು. ಸಂಘಮಿತ್ರಾ ಒಲೆ ಮುಂದೆ ನಿಂತು ಗಂಜಿ ಮಾಡಿದಳು, ಸಾರು ಮಾಡಿದಳು, ಏನೇನೋ ಮಾಡಿದಳು. ಯಾವುದೂ ಅವ್ವನ ಗಂಟಲಿಗಿಳಿಯಲಿಲ್ಲ. ತನ್ನ ಗಂಟಲಿಗೂ ಇಳಿಯಲಿಲ್ಲ. ಕೈಗೆ ಬಂದದ್ದೆಲ್ಲ ಜಾರಿ ಹೋಗುತ್ತಿದೆ, ತಾನು ಬರಿಗೈಯಲ್ಲಿ ನಿಂತು ನೋಡುತ್ತಿದ್ದೇನೆ ಅನಿಸಿತು ಅವಳಿಗೆ.

ಅಮಾವಾಸ್ಯೆಯ ಭಾನುವಾರ ಬಂತು. ಆ ಬೆಳಿಗ್ಗೆ ಇನ್ನು ತಡೆಯಲಾಗದೆ ರಹೀಮಾಬೀ ಮುಂದೆ ಹೋಗಿ ನಿಂತಳು.

"ಚಾಚಿ... ಹುಲಿಗೇಶ ಸಂತಿ ಬಿಟ್ಟುಬಿಟ್ಟಾನೇನು?"

ರಹೀಮಾಬೀ ಲಿಂಬೆಹಣ್ಣು ಒರೆಸುವುದನ್ನು ನಿಲ್ಲಿಸಿದಳು. "ಲಿಂಗಸೂಗೂರು ಸಂತಿಗೆ ಹೋಗಾಕತ್ತಾನ ಬೇಟಿ. ಇಲ್ಲಿ ಕೂಡಾಕ ಮನಸ್ಸಿಲ್ಲ ಅಂದ. ಅಲ್ಲೇ ಅವರತ್ತಿ ಒಂದು ಹುಡುಗಿ ನೋಡ್ಯಾಳಂತ. ಇವತ್ತು ಅಮಾಸಿ, ಅವರಪ್ಪಗ ಎಡಿ ಹಿಡೀತಾರ. ನಾಳೆ ಅವರವ್ವ ಮಾತು ಮುಗಿಸಾಕ ಹೊಂಟಾಳ."

"ನಾಳೇನಾ?"

ಚೀಲ ಕೈಯಿಂದ ಜಾರಿತು. ರಹೀಮಾಬೀ ಎತ್ತಿಕೊಟ್ಟು ಬೆನ್ನು ಸವರಿದಳು. ಸಂಘಮಿತ್ರಾ ಅಲ್ಲಿಂದ ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ.

* * *

"ಇವತ್ತು ನನ್ನ ಮುಂದ ಸುಳ್ಳು ಹೇಳಬ್ಯಾಡ," ಅಂದಳು ಪೀರಮ್ಮ, ಮಗಳ ಮುಖ ನೋಡಿದವಳೇ. "ಏನಾತು?"

ಸಂಘಮಿತ್ರಾ ತಾಯಿಯ ಮಡಿಲಲ್ಲಿ ಮುಖವಿಟ್ಟು ಎಲ್ಲವನ್ನೂ ಹೇಳಿದಳು. ತಾಟು, ಅಪ್ಪನ ಮಾತು, ತಾನಂದ ಮಾತು, ಲಿಂಗಸೂಗೂರಿನ ಹುಡುಗಿ.

"ತಾಟಿನಾಗ ಏನಿತ್ತು?"

"ಮಾವಿನಕಾಯಿ ಚಿತ್ರಾನ್ನ... ಬ್ಯಾಳಿ..."

"ಬ್ಯಾಳ್ಯಾಗ?"

"ಅದಕ್ಕೂ ಮಾವಿನಕಾಯಿ. ಬೇವಿಗೂ. ನಿನಗ ಹುಳಿ ಬೇಕಂತ..."

"ಅವರಪ್ಪ ಯಾವಾಗ ಹೋದದ್ದು?"

"ದೀಪಾವಳಿ ಮುಂದ."

ಪೀರಮ್ಮ ಬಡಕಲು ಕೈಯಿಂದ ಹಣೆ ಹಣೆ ಬಡಿದುಕೊಂಡಳು.

"ಅಯ್ಯ ನನ ಮಗಳ! ಸತ್ತ ಮನಿಯವರು ಅಕ್ಷತ್ತದಿಗಿ ಅಮಾಸಿಗೆ, ಅಂದ್ರ ಯುಗಾದಿ ಆದ ಮುಂದಿನ ಅಮಾಸಿಗೆ, ಸತ್ತವರಿಗೆ ಎಡಿ ಹಿಡಿಯೋತನಾ ಮಾವು ಬಾಯಾಗ ಇಡಂಗಿಲ್ಲ! ಮೊದಲ ಮಾವು ಅವರದು. ಅದಕ್ಕಿಂತ ಮೊದಲ ಮಗ ತಿಂದ್ರ, ಅಪ್ಪ ಆ ವರ್ಷ ಉಪವಾಸ ಉಳಿತಾನ ಅಂತಾರ. ನಮ್ಮ ತವರಾಗ ಸಣ್ಣ ಹುಡುಗರಿಗೂ ಗೊತ್ತದು."

ಸಂಘಮಿತ್ರಾ ಎದ್ದು ಕೂತಳು. ಮಾವಿನ ಗಿಡ... ಬುಡದ ಸಮಾಧಿ... ಇನ್ನೂ ಟೈಮ್ ಐತಿ...

"ಮತ್ತ... ಮತ್ತ ಬಾಯಿ ಬಿಟ್ಟು ಹೇಳಬೇಕಿಲ್ಲೇನವ್ವಾ ಅಂವ!"

"ಹಬ್ಬದ ದಿನ, ಹಾಸಿಗಿ ಹಿಡದಾಕಿ ಒಳಗ ಮಲಗ್ಯಾಳ, ಬಾಗಿಲಾ ತೆರದೈತಿ. ಸತ್ತವರ ಎಡಿ ಮಾತು ಹ್ಯಾಂಗ ಎತ್ತತಾನ? ನನ್ನ ಕಿವಿಗೆ ಬೀಳಬಾರದಂತ ನುಂಗ್ಯಾನ ಹುಡುಗ."

ಬಾಗಿಲಲ್ಲಿ ಪಂಪಣ್ಣ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ನಮ್ಮ ಓಣ್ಯಾಗ ಯಾರದೂ ಮಾವಿನ ಗಿಡ ಇರಲಿಲ್ಲ," ಅಂದ ಅವನು ನಿಧಾನವಾಗಿ. "ಇದು ನನಗ ಗೊತ್ತಿರಲಿಲ್ಲ. ನನ್ನ ಸಿಟ್ಟು ಸುಳ್ಳಲ್ಲ ಮಗಳ. ಆ ಹುಡುಗನ ಮ್ಯಾಲೆ ಹಾಕಿದ್ದು ತಪ್ಪಾತು."

ಪೀರಮ್ಮ ಮಗಳ ಗಲ್ಲ ಹಿಡಿದೆತ್ತಿದಳು. "ಏಳು. ಅದ ಚಿತ್ರಾನ್ನ ಮಾಡು. ಇವತ್ತು ಎಡಿ ಹಿಡದ ಮ್ಯಾಲೆ ಅಂವ ಮಾವು ಉಣ್ಣಬಹುದು. ನಿನ್ನ ಕಣ್ಮುಂದ ಉಂಡ್ನೋ, ಅಂವ ನಿನ್ನಾಂವ. ಉಣ್ಣಲಿಲ್ಲೋ... ಡಬ್ಬಿ ತಗೊಂಡು ವಾಪಸ್ ಬಾ. ಇಬ್ರೂ ಕೂಡಿ ಅಳೋಣು."

ಸಂಘಮಿತ್ರಾ ಅನ್ನಕ್ಕಿಟ್ಟಳು. ಮಾವಿನಕಾಯಿ ತುರಿಯುವಾಗ ಬೆರಳು ಕೆತ್ತಿತು. ಒಗ್ಗರಣೆಗೆ ಸಾಸಿವೆ, ಶೇಂಗಾ, ಕರಿಬೇವು, ಅರಿಶಿಣ... ಬಿಸಿಬಿಸಿ ಕಲಸಿ ಡಬ್ಬಿಗೆ ತುಂಬಿದಳು. ರುಚಿ ನೋಡುವಷ್ಟು ವ್ಯವಧಾನ ಯಾರಿಗಿತ್ತು!

ಹೊರಗೆ ಪಂಪಣ್ಣ ಆಗಲೇ ಸ್ಕೂಟರ್ ಸ್ಟಾರ್ಟ್ ಮಾಡಿದ್ದ.

* * *

ಕಾಲುವೆ ದಂಡೆ ಮೇಲೆ ಪಂಪಣ್ಣ ಸ್ಕೂಟರ್ ನಿಲ್ಲಿಸಿದ. "ನಾ ಇಲ್ಲೇ ಇರ್ತೀನಿ. ನೀ ಹೋಗಿ ಬಾ."

ಮಾವಿನ ಗಿಡದ ಬುಡದಲ್ಲಿ ಸಮಾಧಿಗೆ ಹೂ ಏರಿತ್ತು. ಮುಂದೆ ಎಡೆ: ಹೋಳಿಗೆ, ಅನ್ನ, ಗಿಡದ ಮೊದಲ ಮಾವು. ಊದಿನಕಡ್ಡಿ ಉರಿದು ಮುಗಿಯುತ್ತ ಬಂದಿತ್ತು. ಹುಲಿಗೇಶನ ತಾಯಿ ಮಾವಿನ ಹೋಳೊಂದನ್ನು ಮಗನ ಬಾಯಿ ಹತ್ತಿರ ಹಿಡಿದಿದ್ದಳು.

"ಅಪ್ಪಗ ಮುಟ್ಟಿತು. ಇನ್ನ ನೀ ಬಾಯಿ ತೆರಿ."

ಅವನು ಬಾಯಿ ತೆರೆಯಲಿಲ್ಲ. ತಾಯಿಯ ಹೆಗಲ ಮೇಲಿಂದ ಯಾರನ್ನೋ ನೋಡುತ್ತಿದ್ದ. ಸೊರಗಿದ್ದ. ಕಣ್ಣ ಕೆಳಗೆ ಕಪ್ಪು.

ಸಂಘಮಿತ್ರಾ ಡಬ್ಬಿಯನ್ನು ಎದೆಗೊತ್ತಿಕೊಂಡು ನಿಂತಿದ್ದಳು.

"ನನಗ ಗೊತ್ತಿರಲಿಲ್ಲ..." ಅಂದಳು. "ಮಾವಿಂದು... ನನಗ ಗೊತ್ತಿರಲಿಲ್ಲ ಹುಲಿಗೇಶ."

"ನಿನಗ ಗೊತ್ತಿಲ್ಲ ಅನ್ನೂದು ನನಗ ಆವತ್ತ ಗೊತ್ತಾತು," ಅಂದ ಅವನು. "ನೋವಾದದ್ದು ಅದಕ್ಕಲ್ಲ. ಇಷ್ಟು ದಿನ ನನ್ನ ನೋಡಿದಾಕಿ... ಒಂದ ತಾಟಿಗೆ ನನ್ನ ಅಳದುಬಿಟ್ಟಿ."

"ಹೌದು, ಅಳದೆ!" ಅವಳ ದನಿ ಒಡೆಯಿತು. "ನಮ್ಮಪ್ಪ ಬ್ಯಾರೆ ಗ್ಲಾಸಿನಾಗ ಚಾ ಕುಡದು ಬೆಳದಾನ. ಆ ಅಂಜಿಕಿ ನನಗೂ ಬಂದೈತಿ. ನಮ್ಮ ಮನಿ ತಾಟು ಯಾರರ ಹಿಂದ ಸರಿಸಿದ್ರ ನನಗ ಬ್ಯಾರೆ ಏನೂ ಕಾಣಂಗಿಲ್ಲ. ಆದ್ರ ಫೋನ್ ಎತ್ತಬೇಕಿತ್ತು. ಒಂದ ಮಾತು ಕೇಳಬೇಕಿತ್ತು. ಅದು ನನ್ನ ತಪ್ಪು. ಬೈ, ಹೊಡಿ... ನಾಳೆ ಲಿಂಗಸೂಗೂರಿಗೆ ಮಾತ್ರ ಹೋಗಬ್ಯಾಡ!"

ಹುಲಿಗೇಶ ತಲೆ ತಗ್ಗಿಸಿದ. "ನಾನರ ಹೊರಗ ಕರದು ಹೇಳಬೇಕಿತ್ತು. ತಾಟು ಸರಿಸಿದ್ರ ನಿಮಗ ಹಂಗ ಅನಸತೈತಿ ಅಂತ ನನ್ನ ತಲಿಗೇ ಬರಲಿಲ್ಲ. ಬರಬೇಕಿತ್ತು."

ಅವನ ತಾಯಿ ಇಷ್ಟು ಹೊತ್ತು ಇಬ್ಬರನ್ನೂ ಮಿಕಿಮಿಕಿ ನೋಡುತ್ತಿದ್ದಳು. ಈಗ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

"ಹುಣಸಿ ಚಿಗರ ಬ್ಯಾಳಿ ಕಳಿಸಿದ್ದ ಟೀಚರ್ ನೀನೇನು?"

"ಹ್ಞೂಂ... ನಾನ್ರಿ."

"ನನಗ ಬೆರಳಷ್ಟು ಕೊಟ್ಟು ಉಳದದ್ದೆಲ್ಲಾ ಅಂವನ ತಿಂದ. ಡಬ್ಬಿ ಬಳದು ನೆಕ್ಕಿದ. ನಾಚಿಗ್ಗೇಡಿ!"

ಸಂಘಮಿತ್ರಾ ಅಳುತ್ತಲೇ ನಕ್ಕಳು, ನಗುತ್ತಲೇ ಮತ್ತೆ ಅತ್ತಳು. ಮನೆಯಲ್ಲಿ ಸಮಾಧಾನದಿಂದ ಉಣ್ಣುತ್ತೇನೆ ಅಂದಿದ್ದ. ಉಂಡಿದ್ದ!

"ಸುಳ್ಳು ಹೇಳಂಗಿಲ್ಲವ್ವ," ಆ ತಾಯಿ ಮುಂದುವರಿಸಿದಳು. "ಊರು ಏನಂತೈತೋ ಅಂತ ನನಗ ಅಂಜಿಕಿ ಐತಿ. ಅದಕ್ಕ ಲಿಂಗಸೂಗೂರಿಗೆ ಹೊಂಟಿದ್ದೆ. ಇಂವ ಎಲ್ಲಿ ಒಪ್ಪ್ಯಾನ? ಯುಗಾದಿಯಿಂದ ಹೊಟ್ಟಿಗೆ ಸರಿಯಾಗಿ ಕೂಳಿಲ್ಲ ಇಂವಗ. ಊರಂತೂ ನನ್ನ ಮಗಗ ಉಣಿಸಾಕ ಬರಂಗಿಲ್ಲ."

ಕೈಯಲ್ಲಿದ್ದ ಮಾವಿನ ಹೋಳನ್ನು ಮತ್ತೆ ಎಡೆಯ ಪಕ್ಕಕ್ಕಿಟ್ಟು, ಅವಳು ಸೆರಗು ಸರಿಮಾಡಿಕೊಂಡು ಆಚೆ ಹೋಗಿ ಕೂತಳು.

ಹುಲಿಗೇಶ ಕೈಚಾಚಿದ. "ಡಬ್ಬ್ಯಾಗ ಏನೈತಿ?"

"ಅದ... ಚಿತ್ರಾನ್ನ."

ನೆಲದ ಮೇಲೆ ಕೂತು ಮುಚ್ಚಳ ತೆಗೆದ. ಮಾವಿನಕಾಯಿಯ ಹುಳಿವಾಸನೆ ಗಮ್ಮಂತು. ಸಮಾಧಿಗೆ ಒಮ್ಮೆ ಕೈಮುಗಿದು ಮೊದಲ ತುತ್ತು ಬಾಯಿಗಿಟ್ಟ.

ಸಂಘಮಿತ್ರಾ ಕಣ್ಣು ಮಿಟುಕಿಸದೆ ನೋಡಿದಳು. ಅವನು ಅಗಿಯುವುದನ್ನು ನೋಡಿದಳು, ನುಂಗುವುದನ್ನು ನೋಡಿದಳು. ಎರಡನೇ ತುತ್ತು... ಮೂರನೇ ತುತ್ತು... ತನ್ನ ಕೈಯಡುಗೆ ಅವನು ಉಣ್ಣುವುದನ್ನು ನೋಡುವುದೇ ಇಷ್ಟು ದೊಡ್ಡ ಸುಖ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಅವನು ಥಟ್ಟನೆ ನಿಲ್ಲಿಸಿದ. "ಒಬ್ಬಾಕಿನ ಬಂದೀಯೇನು?"

"ಅಪ್ಪ ಕಾಲುವಿ ಮ್ಯಾಲೆ ನಿಂತಾನ."

ಹುಲಿಗೇಶ ಡಬ್ಬಿ ಹಿಡಿದುಕೊಂಡೇ ಎದ್ದ. ದಂಡೆ ಏರಿ ಹೋಗಿ ಪಂಪಣ್ಣನ ಮುಂದೆ ನಿಂತ. ಸ್ಕೂಟರಿನ ಪಕ್ಕದ ಕಲ್ಲಿನ ಮೇಲೆ ಡಬ್ಬಿ ಇಟ್ಟು ಅಂದ:

"ಆವತ್ತು ನಿಮ್ಮ ಪಕ್ಕಕ್ಕ ಕೂತು ಉಣ್ಣಲಿಲ್ಲ. ಇವತ್ತು ಒಂದ ಡಬ್ಬ್ಯಾಗ ಉಣ್ಣೋಣ್ರಿ ಕಾಕಾ. ನಾ ಕೇಳಬೇಕಂದಿದ್ದ ಮಾತು ಊಟಾದ ಮ್ಯಾಲೆ ಕೇಳ್ತೀನಿ."

ಪಂಪಣ್ಣ ಆ ಡಬ್ಬಿಯನ್ನೇ ನೋಡಿದ. ಹುಲಿಗೇಶ ಉಂಡು ಅರ್ಧ ಖಾಲಿಯಾದ ಕಡೆಯಿಂದಲೇ ಒಂದು ತುತ್ತು ತೆಗೆದು ಬಾಯಿಗಿಟ್ಟ. ಅಗಿದ. ಹುಬ್ಬು ಮೇಲೇರಿದವು.

"ಏ ಮಗಳ! ಇದಕ್ಕ ಉಪ್ಪ ಹಾಕಿಲ್ಲಲ್ಲ!"

"ಏನೂ?!" ಓಡಿ ಬಂದಿದ್ದ ಸಂಘಮಿತ್ರಾ ಬಾಯಿಗೆ ಕೈ ಹಿಡಿದಳು. ಅಷ್ಟು ಹೊತ್ತೂ ಒಂದು ಮಾತೂ ಆಡದೆ, ರುಚಿರುಚಿಯಾಗಿ ಉಂಡನಲ್ಲ ಇವನು!

ಪಂಪಣ್ಣ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಕೈ ತೊಳೆಯಲು ಕಾಲುವೆಗೆ ಇಳಿದ. "ಕೇಳಪ್ಪಾ ನಿನ್ನ ಮಾತು," ಅಂದ ತಿರುಗಿ ನೋಡದೆ. "ಆದ್ರ ಮೊದಲ ಗಿಡ ಹತ್ತು. ಮನ್ಯಾಗ ಒಬ್ಬಾಕಿ ನಿನ್ನ ಚಿಗರಿಗೆ ದಾರಿ ಕಾಯಾಕತ್ತಾಳ."

ಹುಲಿಗೇಶ ಹುಣಸೆ ಮರದ ಕಡೆ ಓಡಿದ. ಸಂಘಮಿತ್ರಾ ಡಬ್ಬಿ ಎತ್ತಿಕೊಂಡು ಅವನ ಬೆನ್ನಿಗೇ ಬಂದಳು. ಮರದ ಬುಡದಲ್ಲಿ ಅವನ ಅಂಗಿ ಹಿಡಿದು ನಿಲ್ಲಿಸಿದಳು.

"ಉಪ್ಪಿಲ್ಲ ಅಂತ ಯಾಕ ಹೇಳಲಿಲ್ಲ?"

"ನೀ ನೋಡಾಕತ್ತಿದ್ದಿ. ಹ್ಯಾಂಗ ಹೇಳಲಿ?"

"ಇನ್ನ ಮುಂದ ನುಂಗಬ್ಯಾಡ. ಏನಿದ್ರೂ ಬಾಯಿ ಬಿಟ್ಟು ಹೇಳು. ನಾನೂ ಕೇಳ್ತೀನಿ, ಕೇಳದ ಏನೂ ಅನ್ನಂಗಿಲ್ಲ."

"ಹೇಳಲಾ?"

"ಹ್ಞೂಂ... ಹೇಳು."

"ಚಿತ್ರಾನ್ನಕ್ಕ ಉಪ್ಪಿಲ್ಲ," ಅಂದ ಅವನು. ಆಮೇಲೆ ಅವಳ ಕೈಯಲ್ಲಿದ್ದ ಡಬ್ಬಿ ಕಡೆ ನೋಡಿ ಬಾಯಿ ತೆರೆದ. "ಇನ್ನೊಂದ ತುತ್ತು ಹಾಕು."